ಕೊನೇಸಾಲಿನವನ ಕಣ್ಣು

ಹೆತ್ತವರು ಇಟ್ಟ ಹೆಸರು ಅವನಿಗೂ ಒಂದಿತ್ತು. ಅದು ಅಂಗಡಿಯ ಪರವಾನಗಿ ಪತ್ರದಲ್ಲಿ, ಗಾಜಿನ ಹಿಂದೆ ಬೆಚ್ಚಗೆ ಕೂತಿತ್ತು. ಬಸ್ ನಿಲ್ದಾಣದ ಹಿಂದಿನ ಬೀದಿಗೆ ಮಾತ್ರ ಅವನು ಕೊನೇಸಾಲು. ಅವನ ಕನ್ನಡಕದ ಅಂಗಡಿಗೆ ಯಾರೇ ಹೋಗಲಿ, ಕುರ್ಚಿಯಲ್ಲಿ ಕೂರಿಸಿ ಒಂದು ಕಣ್ಣು ಮುಚ್ಚಿಸುತ್ತಿದ್ದ. ಎದುರು ಗೋಡೆಯ ಅಕ್ಷರದ ಹಾಳೆಯನ್ನು ಕೋಲಿನಿಂದ ತಟ್ಟಿ, “ಮೇಲಿಂದು ಬಿಡಿ, ಅದನ್ನ ಎಮ್ಮೆನೂ ಓದುತ್ತೆ. ಕೊನೇ ಸಾಲು ಓದಿ” ಎನ್ನುತ್ತಿದ್ದ. ಕೂತವರು ತಡವರಿಸಿದರೆ ಅವನಿಗೆ ಒಳಗೊಳಗೇ ಖುಷಿ. “ಠ, ರ, ಬ, ಳ, ಗ! ಇಷ್ಟು ದಪ್ಪಗೆ ಬರೆದಿದೆಯಲ್ರೀ, ಇದೂ ಕಾಣಲ್ವಾ?” ಎಂದು ಹಾಳೆಯ ಕಡೆ ತಿರುಗಿಯೂ ನೋಡದೆ ಒದರುತ್ತಿದ್ದ. ಬಂದವನು ಕಣ್ಣು ತೋರಿಸಿಕೊಳ್ಳಲು ಬಂದನೋ, ಬೈಸಿಕೊಳ್ಳಲು ಬಂದನೋ ಎಂದು ಹೊರಗೆ ನಿಂತವರಿಗೆ ಗೊತ್ತಾಗುತ್ತಿರಲಿಲ್ಲ.

ಕೆಲಸ ಬರುತ್ತಿರಲಿಲ್ಲ ಎಂದರೆ ನಾಲಿಗೆ ಬಿದ್ದುಹೋದೀತು. ಗಾಜು ಅರೆಯುವುದರಲ್ಲಿ, ಕಡ್ಡಿ ಬಗ್ಗಿಸಿ ಕಿವಿಗೆ ಹೊಂದಿಸುವುದರಲ್ಲಿ ಅವನ ಕೈ ಚೆನ್ನಾಗಿ ಪಳಗಿತ್ತು. ಆದರೆ ಕನ್ನಡಕ ಮಾಡುವುದು ಬೇರೆ, ಕಣ್ಣಿನ ಕಾಯಿಲೆ ಕಂಡುಹಿಡಿಯುವುದು ಬೇರೆ ಎಂಬ ಬುದ್ಧಿಯನ್ನು ಅವನು ಯಾವತ್ತೋ ಗಾಳಿಗೆ ತೂರಿದ್ದ. ಮೈಮೇಲಿನ ಬಿಳಿ ಕೋಟು ಯಾವ ಕಾಲೇಜೂ ಕೊಟ್ಟದ್ದಲ್ಲ, ದರ್ಜಿಗೆ ಹೇಳಿ ತಾನೇ ಹೊಲಿಸಿಕೊಂಡದ್ದು. “ಆಸ್ಪತ್ರೆಗೆ ಹೋದ್ರೆ ಏನು ಮಾಡ್ತಾರೆ? ಕಣ್ಣಿಗೆ ಹನಿ ಹಾಕಿ, ಎಲ್ಲಾ ಮಂಜು ಮಾಡಿ, ಮಧ್ಯಾಹ್ನದವರೆಗೂ ಬೆಂಚಿನ ಮೇಲೆ ಕೂರಿಸ್ತಾರೆ. ನಾನು ಟೀ ಆರೋದ್ರೊಳಗೆ ಹೇಳಿಬಿಡ್ತೀನಿ” ಎಂದು ಎದೆ ಉಬ್ಬಿಸುತ್ತಿದ್ದ. ಬೆಂಚಿನ ಮೇಲೆ ಕೂರಲು ಸೋಮಾರಿತನ ಮಾಡುವ ಜನಕ್ಕೂ ಅದೇ ಬೇಕಿತ್ತು.

ಅಂಗಡಿಯ ಹಿಂದೆಯೇ ಮನೆ, ನಡುವೆ ಒಂದು ಪರದೆ. ಅವನು ದಿನವಿಡೀ ಒದರುವುದನ್ನು ಕೇಳಿ ಕೇಳಿ ಆ ಮನೆಯಲ್ಲಿ ಕೊನೇ ಸಾಲು ಬಾರದ ಜೀವವೇ ಇರಲಿಲ್ಲ. ಹೆಂಡತಿ ಪಾತ್ರೆ ತೊಳೆಯುತ್ತಾ ಅರಿವಿಲ್ಲದೆ “ಠ, ರ, ಬ” ಎನ್ನುತ್ತಿದ್ದಳು. ಗಲ್ಲಾದ ಪಕ್ಕ ಕೂತು ಕನ್ನಡಕಗಳನ್ನು ಬಟ್ಟೆಯಿಂದ ಒರೆಸುತ್ತಿದ್ದ ಅಕ್ಕನ ತುಟಿ, ಕೋಲಿನ ಸದ್ದು ಕೇಳಿದ ಕೂಡಲೇ ತಾನಾಗಿ ಅಲುಗುತ್ತಿತ್ತು. ಈ ಅಕ್ಕನೇ ತಾಯಿ ಸತ್ತ ಮೇಲೆ ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು. ತನಗೊಂದು ಸಂಸಾರ ಅಂತ ಕಟ್ಟಿಕೊಳ್ಳದೆ ತಮ್ಮನ ಅಂಗಡಿಯಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವಳು.

ಆ ಅಕ್ಕ ಒಂದು ಕಾಲದಲ್ಲಿ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳಲು ಶುರುಮಾಡಿದಳು. ಪಕ್ಕದಲ್ಲಿಟ್ಟ ಲೋಟ ಕೈ ತಗಲಿ ಉರುಳುತ್ತಿತ್ತು. “ಕಣ್ಣೇನು ಬೆನ್ನಲ್ಲಿದೆಯಾ ನಿಂಗೆ? ಮೈಮೇಲೆ ಪ್ರಜ್ಞೆ ಬೇಡ್ವಾ?” ಎಂದು ಗಿರಾಕಿಗಳ ಎದುರೇ ಅವನ ರೇಗಾಟ.

“ಪಕ್ಕದ್ದು ಯಾವುದೂ ಸರಿಯಾಗಿ ಕಾಣ್ತಿಲ್ಲ ಕಣೋ” ಎಂದಳು ಅಕ್ಕ.

“ಬಾ ಇಲ್ಲಿ, ಕೂತ್ಕೋ. ಕೊನೇ ಸಾಲು ಓದು.”

ಅಕ್ಕ ಓದಿದಳು. ಒಂದಕ್ಷರವೂ ತಪ್ಪಲಿಲ್ಲ. “ಚಿನ್ನದಂಥ ಕಣ್ಣು! ಗಮನ ಇಲ್ಲ, ಅಷ್ಟೇ” ಎಂದು ಅವನು ತೀರ್ಪು ಕೊಟ್ಟ. ಆದರೂ ಅಕ್ಕನ ಸಮಾಧಾನಕ್ಕೆ ಒಂದು ಹೊಸ ಕನ್ನಡಕ ಮಾಡಿಕೊಟ್ಟ. ಅದೂ ಆಗದಿದ್ದಾಗ ಇನ್ನೊಂದು ಮಾಡಿಕೊಟ್ಟ. ಕಣ್ಣೊಳಗಿನ ಒತ್ತಡ ಏರಿ ನೋಟ ಅಂಚಿನಿಂದ ಒಳಗೊಳಗೆ ಮುಚ್ಚುತ್ತಾ ಬರುವ ಕಾಯಿಲೆ ಅದು. ನಡುವಿನ ಕಿಂಡಿ ಕೊನೆಯವರೆಗೂ ತೆರೆದಿರುತ್ತದೆ. ಕಿಂಡಿಯಲ್ಲಿ ಸಿಕ್ಕಿದ ಅಕ್ಷರವನ್ನು ಅಕ್ಕ ಓದಿದ್ದಳು, ಸಿಗದ್ದನ್ನು ನಾಲಿಗೆ ತುಂಬಿಸಿತ್ತು. ಬೇಕೆಂದು ಮಾಡಿದ್ದಲ್ಲ ಪಾಪ, ಅಷ್ಟು ವರ್ಷ ಕೇಳಿದ್ದು ಬಾಯಿಗೆ ಬಂದುಬಿಟ್ಟಿತು. ಕೊನೆಗೆ ಹೆಂಡತಿಯೇ ಹಟಹಿಡಿದು ಆಸ್ಪತ್ರೆಗೆ ಕರೆದೊಯ್ಯುವಷ್ಟರಲ್ಲಿ ಕಿಂಡಿಯೂ ಮುಚ್ಚಿತ್ತು. “ಇನ್ನೇನೂ ಮಾಡೋಕಾಗಲ್ಲಮ್ಮ” ಎಂದು ಅಲ್ಲಿ ಹೇಳಿದರು. ಅದೇ ಉಸಿರಿನಲ್ಲಿ ಮುಂದಿನವರನ್ನು ಕೂಗಿದರು.

ಆಮೇಲೆ ನಮ್ಮ ಕೋಟಿನ ಧಣಿ ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದೇನು? “ಅವಳು ಮೊದ್ಲೇ ಬಾಯಿ ಬಿಟ್ಟಿದ್ರೆ ನಾನು ಬಿಡ್ತಿದ್ನಾ? ಹೆಂಗಸರು ಹೀಗೇ, ಎಲ್ಲಾ ಮುಚ್ಚಿಡ್ತಾರೆ.” ಅಕ್ಕ ಪರದೆಯ ಹಿಂದೆ ಕೂತು ಇದನ್ನು ಕೇಳಿದಳು. ತುಟಿ ಪಿಟಕ್ಕೆನ್ನಲಿಲ್ಲ. ಇಂಥವನನ್ನು ಎತ್ತಿ ಆಡಿಸಿದ್ದಕ್ಕೆ ಅವಳ ಕೈ ನೋಯಬೇಕಿತ್ತು.

ಹೀಗೆ ವರ್ಷಗಳು ಕಳೆದ ಮೇಲೆ ಆಸ್ಪತ್ರೆಯವರಿಗೆ ಒಂದು ಅಧ್ಯಯನ ಮಾಡುವ ಮನಸ್ಸಾಯಿತು. ಜನ ಕಣ್ಣಿನ ಚಿಕಿತ್ಸೆಗೆ ಯಾಕೆ ತಡವಾಗಿ ಬರುತ್ತಾರೆ, ನೋಟ ಹೋದವರಿಗೆ ಯಾವ ಆಸರೆ ಬೇಕು ಎಂದು ಕೇಳಿ ತಿಳಿಯಲು, ಚೀಲ ನೇತುಹಾಕಿಕೊಂಡ ಒಬ್ಬ ಸಂಶೋಧಕಿ ಮನೆಮನೆಗೆ ಬರತೊಡಗಿದಳು. ಕೊನೇಸಾಲು ಅವಳಿಗೆ ಮೊದಲ ದಿನವೇ ಪ್ರಶ್ನೆಯಮ್ಮ ಎಂದು ಹೆಸರಿಟ್ಟ. “ಕಣ್ಣು ಹೋದವರನ್ನ ಏನು ಬೇಕು ಅಂತ ಕೇಳೋದಂತೆ! ಕಣ್ಣು ಬೇಕು ಅಂತಾರೆ, ಇನ್ನೇನು ಕನ್ನಡಿ ಬೇಕು ಅಂತಾರಾ?” ಎಂದು ಅವಳಿಗೆ ಕೇಳುವ ಹಾಗೆಯೇ ನಕ್ಕ.

ಪ್ರಶ್ನೆಯಮ್ಮ ಅದನ್ನು ಕಿವಿಗೆ ಹಾಕಿಕೊಳ್ಳದೆ ಒಳಗೆ ಹೋಗಿ ಅಕ್ಕನ ಎದುರು ಕೂತಳು. ಎಲ್ಲರಿಗೂ ಅವಳು ಕೇಳುತ್ತಿದ್ದ ಮೊದಲ ಪ್ರಶ್ನೆ ಒಂದೇ. “ತೊಂದರೆ ಅನ್ನಿಸಿದಾಗ ಮೊದಲು ಯಾರ ಹತ್ತಿರ ಹೋದ್ರಿ?”

“ನನ್ನ ತಮ್ಮನ ಹತ್ರ” ಎಂದಳು ಅಕ್ಕ.

ಪರದೆಯಾಚೆ ಕಿವಿ ನೆಟ್ಟುಕೊಂಡಿದ್ದ ತಮ್ಮ ಇದನ್ನು ಕೇಳಿ ಕೋಟಿನ ಗುಂಡಿ ಸರಿಮಾಡಿಕೊಂಡ. ನೋಡಿ, ಮೊದಲು ನನ್ನ ಹತ್ತಿರವೇ ಬಂದಳು! ಅದು ಹೊಗಳಿಕೆ ಎಂದೇ ಅವನು ತಿಳಿದ.

ಏನು ಬೇಕಿತ್ತು ಎಂದು ಕೇಳಿದಾಗ ಅಕ್ಕ ಹೇಳಿದಳು: “ಇನ್ನೇನೂ ಮಾಡೋಕಾಗಲ್ಲ ಅಂದ್ರಲ್ಲ, ಆಮೇಲೆ ಒಂದು ಕುರ್ಚಿ ಬೇಕಿತ್ತು. ಪಕ್ಕದಲ್ಲಿ ವಿಷಯ ಗೊತ್ತಿರೋರು ಒಬ್ಬರು ಬೇಕಿತ್ತು. ಮನೆಗೆ ಹೋಗಿ ಒಲೆ ಹಚ್ಚೋದು ಹೇಗೆ, ರಸ್ತೆ ದಾಟೋದು ಹೇಗೆ, ಯಾರನ್ನ ಕೇಳ್ಬೇಕು, ಏನೂ ಗೊತ್ತಿರಲಿಲ್ಲ. ಕೈಕಾಲು ನಡುಗ್ತಿತ್ತು. ಕೂರೋದಕ್ಕೂ ಬಿಡದೆ ಹೊರಗೆ ಕಳಿಸಿದ್ರು.”

ಅವತ್ತು ರಾತ್ರಿ ಊಟದ ಹೊತ್ತೆಲ್ಲ ಕೊನೇಸಾಲಿಗೆ ಇದೇ ತಮಾಷೆ. “ಕುರ್ಚಿ! ಇಷ್ಟು ಜನ ಓದಿದವರು ಸೇರಿ ಕಂಡುಹಿಡಿದಿದ್ದು ಕುರ್ಚಿನಾ! ಬಡಗಿಗೆ ಹೇಳಿದ್ರೆ ನಾಳೆನೇ ಮಾಡಿಕೊಡ್ತಾನೆ.”

ಬಡಗಿಯ ಮಾತು ಅವನ ಬಾಯಿಗೆ ಬಂದದ್ದಕ್ಕೂ ಕಾರಣವಿತ್ತು. ಅದೇ ವಾರ ಅವನು ಬಡಗಿಯನ್ನು ಕರೆಸಿ ಹಿಗ್ಗಾಮುಗ್ಗಾ ಬೈದಿದ್ದ. ಕನ್ನಡಕ ಜೋಡಿಸುವ ಹಲಗೆ ನಡುವಿನಲ್ಲಿ ಬಗ್ಗಿದೆ ಎಂಬುದು ದೂರು. ಬಡಗಿ ರಸಮಟ್ಟ ಇಟ್ಟು ನೋಡಿದ. ಗುಳ್ಳೆ ಸರಿಯಾಗಿ ನಡುವೆ ನಿಂತಿತು. “ಹಲಗೆ ನೆಟ್ಟಗಿದೆ ಸಾರ್.” “ಹಾಗಾದ್ರೆ ನಿನ್ನ ರಸಮಟ್ಟನೇ ಕೆಟ್ಟಿದೆ!” ಬಡಗಿ ಅವನ ಮುಖವನ್ನೊಮ್ಮೆ ನೋಡಿ ಸಾಮಾನು ಚೀಲಕ್ಕೆ ತುಂಬಿಕೊಂಡು ಹೊರಟುಹೋದ.

ಹಲಗೆ ಮಾತ್ರವಲ್ಲ, ಬಾಗಿಲ ಚೌಕಟ್ಟೂ ಬಗ್ಗಿತ್ತು, ಬೀದಿಯ ದೀಪದ ಕಂಬವೂ ಬಗ್ಗಿತ್ತು. ಬಲಗಣ್ಣಿನಲ್ಲಿ ನೋಡಿದರೆ ಎದುರಿಗಿದ್ದವರ ಮುಖದ ಜಾಗದಲ್ಲಿ ಬೆರಳಿನಿಂದ ತೀಡಿದಂಥ ಮಸಿ. ಎಡಗಣ್ಣಿನಲ್ಲೂ ಈಗೀಗ ಅದೇ ಮಸಿ ಹರಡತೊಡಗಿತ್ತು. ಇದೇನೆಂದು ಅವನಿಗೆ ಗೊತ್ತಿರಲಿಲ್ಲ ಎಂದು ಯಾರೂ ಮರುಗಬೇಕಾಗಿಲ್ಲ. ಬಸ್ಸಿನ ನಿವೃತ್ತ ಡ್ರೈವರ್ ಒಬ್ಬ ಹಿಂದೊಮ್ಮೆ ಬಂದು “ನೆಟ್ಟಗಿರೋದೆಲ್ಲ ಬಗ್ಗಿ ಕಾಣುತ್ತೆ” ಎಂದಿದ್ದಾಗ ಇವನೇ ಕನ್ನಡಕ ಕೊಟ್ಟು ಕಳಿಸಿದ್ದ. ಕಣ್ಣಿನ ಪರದೆಯ ನಡುಭಾಗ ಕೆಡುವ ಕಾಯಿಲೆ, ಬೇಗ ಬಂದರೆ ಕಣ್ಣಿಗೆ ಸೂಜಿ ಹಾಕಿ ತಡೆಯಬಹುದು, ತಡವಾದರೆ ಇಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿದ್ದನ್ನು ಡ್ರೈವರ್ ಬಂದು ಇವನ ಮುಖಕ್ಕೇ ಹೇಳಿಹೋಗಿದ್ದ. ಅಂದರೆ ತಿಂಗಳು ಕಳೆದಷ್ಟೂ ಕಣ್ಣು ಕೈತಪ್ಪುತ್ತಿದೆ ಎಂಬುದು ಅವನಿಗೆ ಗೊತ್ತಿತ್ತು. ಸೂಜಿಗೆ ಅವನು ಹೆದರಲಿಲ್ಲ. ಆ ಬೆಂಚಿಗೆ ಹೆದರಿದ. ತಾನು ಬೈದು ಕಳಿಸಿದ ಗಿರಾಕಿಗಳ ನಡುವೆ ಕೋಟಿಲ್ಲದೆ ಕೂರಬೇಕಲ್ಲ, ಅದಕ್ಕೆ ಹೆದರಿದ.

ಅದಕ್ಕೇ ಒಂದು ಉಪಾಯ ಕಂಡುಕೊಂಡಿದ್ದ. ಬೆಳಗ್ಗೆ ಕದ ತೆಗೆದ ಕೂಡಲೇ ಗಿರಾಕಿಯ ಕುರ್ಚಿಯಲ್ಲಿ ತಾನೇ ಕೂತು, ಒಂದು ಕಣ್ಣು ಮುಚ್ಚಿ ಕೊನೇ ಸಾಲು ಓದಿಕೊಳ್ಳುವುದು. ಠ, ರ, ಬ, ಳ, ಗ. ಬಲಗಣ್ಣಲ್ಲೂ ಸರಿ, ಎಡಗಣ್ಣಲ್ಲೂ ಸರಿ! ಬಾಯಿ ಹೇಳುತ್ತಿತ್ತು, ಕಣ್ಣು ಹೂಂಗುಡುತ್ತಿತ್ತು. ಜಗತ್ತಿಗೆಲ್ಲ ಟೋಪಿ ಹಾಕಿದವರನ್ನು ಕಂಡಿದ್ದೇವೆ. ದಿನಾ ಬೆಳಗ್ಗೆ ತನಗೇ ತಾನು ಟೋಪಿ ಹಾಕಿಕೊಂಡು ಅದು ತಲೆಗೆ ಚೆನ್ನಾಗಿ ಹೊಂದಿತು ಎಂದು ಹಿಗ್ಗುವವನು ಇವನೊಬ್ಬನೇ ಇರಬೇಕು. ಅಂಗಡಿಯಲ್ಲಿ ಸ್ಕ್ರೂ ಕೈಯಿಂದ ಬಿದ್ದರೆ ಸ್ಕ್ರೂಗೆ ಬೈಗುಳ. ಟೀ ಲೋಟದ ಹೊರಗೆ ಸುರಿದರೆ ಲೋಟಕ್ಕೆ ಬೈಗುಳ. ಹೆಂಡತಿ ಮಾತಾಡದೆ ಒರೆಸುತ್ತಿದ್ದಳು. ಅಕ್ಕ ಮಾತಾಡದೆ ಕೇಳಿಸಿಕೊಳ್ಳುತ್ತಿದ್ದಳು.

ಅಧ್ಯಯನ ಒಂದು ಹಂತಕ್ಕೆ ಬಂದಾಗ ಆಸ್ಪತ್ರೆಯಲ್ಲಿ ಸಭೆ ಕರೆದರು. ಕನ್ನಡಕದ ಅಂಗಡಿಯವರ ಪರವಾಗಿ ಕೊನೇಸಾಲಿಗೂ ಕರೆ ಹೋಯಿತು. ಕೋಟಿಗೆ ಇಸ್ತ್ರಿ ಹಾಕಿಸಿಕೊಂಡು ಮೊದಲ ಸಾಲಿನಲ್ಲೇ ಹೋಗಿ ಕೂತ. ಅಲ್ಲೂ ಸಭೆಗಳಲ್ಲಿ ನಡೆಯುವುದೇ ನಡೆಯಿತು. ನೋಟವಿಲ್ಲದವರ ಬಗ್ಗೆ ಮಾತಾಡಲು ಕತ್ತಲೆ ಮಾಡಿಕೊಂಡು ಗೋಡೆಯ ಮೇಲೆ, ಯಾವ ಉತ್ತರ ಎಷ್ಟು ಜನರದು ಎಂದು ತೋರಿಸುವ ಬಣ್ಣಬಣ್ಣದ ಪಟ್ಟಿ ಬಿಟ್ಟರು. ನೋಟವಿಲ್ಲದ ಇಬ್ಬರನ್ನು ವೇದಿಕೆಯ ಮೇಲೆ ಕೂರಿಸಿ, ಗೋಡೆಯ ಮೇಲೆ ಏನಿದೆ ಎಂದು ಅವರಿಗೆ ಹೇಳುವುದನ್ನೇ ಮರೆತರು. ಬಿಸ್ಕತ್ತು ಎಲ್ಲರಿಗೂ ಸಿಕ್ಕಿತು.

ಆಮೇಲೆ ಪ್ರಶ್ನೆಯಮ್ಮ ಎದ್ದು, ಪಟ್ಟಿಗಳನ್ನು ಒಂದೊಂದಾಗಿ ಬಾಯಿಬಿಟ್ಟು ಓದಿ ಹೇಳಿದಳು. “ಮೊದಲು ಯಾರ ಹತ್ತಿರ ಹೋದ್ರಿ ಅಂತ ಕೇಳಿದ್ದಕ್ಕೆ ಎಲ್ಲಕ್ಕಿಂತ ಉದ್ದದ ಪಟ್ಟಿ ಕನ್ನಡಕದ ಅಂಗಡಿಯದು.”

ಕೊನೇಸಾಲು ಅಕ್ಕಪಕ್ಕ ನೋಡಿ ಮುಗುಳ್ನಕ್ಕ. ಯಾರಾದರೂ ಚಪ್ಪಾಳೆ ತಟ್ಟುತ್ತಾರೇನೋ ಎಂದು ಕಾದ.

“ಜನ ಕಳ್ಕೊಳ್ಳೋ ಕಾಲವೆಲ್ಲ ಇಲ್ಲೇ ಕಳೆಯುತ್ತೆ” ಎಂದು ಅವಳು ಮುಂದುವರಿಸಿದಳು. “ಕನ್ನಡಕದಿಂದ ಸರಿಹೋಗದ ತೊಂದರೆಗೂ ಕನ್ನಡಕ ಕೊಡ್ತಾರೆ. ಸಾಲದ್ದಕ್ಕೆ ಅದೇ ಅಂಗಡಿಗೆ ಹೋಗಿ ಹೋಗಿ ಹಾಳೆ ಬಾಯಿಪಾಠ ಆಗಿರುತ್ತೆ. ಅದಕ್ಕೇ ಎಲ್ಲಾ ಅಂಗಡಿಗೂ ಅಕ್ಷರ ಬದಲಾಯಿಸಿದ ಹೊಸ ಹಾಳೆ ಕೊಡ್ತಿದ್ದೀವಿ. ದಯವಿಟ್ಟು ಹಾಕ್ಕೊಳ್ಳಿ. ಅನುಮಾನ ಬಂದವರನ್ನ ನಮ್ಮ ಹತ್ರ ಕಳಿಸಿ.”

ಅವನ ನಗು ಮುಖದ ಮೇಲೇ ಹೆಪ್ಪುಗಟ್ಟಿತು. ಮರುಕ್ಷಣ ಮೈಯೆಲ್ಲ ಉರಿದು ಎದ್ದು ನಿಂತ. “ಯಾರಿಗೆ ಹೇಳ್ತಿದ್ದೀರಿ ನೀವು? ನಾನು ಕಣ್ಣು ನೋಡೋಕೆ ಶುರು ಮಾಡಿದಾಗ ನೀವಿನ್ನೂ ಹುಟ್ಟಿರಲಿಲ್ಲ! ಡಾಕ್ಟ್ರೇ, ನೀವೇ ನನ್ನ ಅಂಗಡಿಗೆ ಬನ್ನಿ. ಕುರ್ಚಿಯಲ್ಲಿ ಕೂತು ನೋಡಿ. ಕಣ್ಣು ನೋಡೋದು ಅಂದ್ರೆ ಏನು ಅಂತ ತೋರಿಸ್ತೀನಿ!”

ಆಸ್ಪತ್ರೆಯ ಕಣ್ಣಿನ ಡಾಕ್ಟರು ತಾಳ್ಮೆಯ ಮನುಷ್ಯ. ನಾಳೆ ಸಂಜೆ ಬರುತ್ತೇನೆ ಎಂದರು.

ಸುರುಳಿ ಸುತ್ತಿದ ಹೊಸ ಹಾಳೆಯನ್ನು ಕೊನೇಸಾಲು ಮನೆಗೆ ತಂದವನೇ ಮೂಲೆಗೆ ಎಸೆದ. “ಇದರ ಜಾಗ ಗೋಡೆ ಅಲ್ಲ, ಒಲೆ” ಎಂದ. ಸಭೆಯಲ್ಲಿ ನಡೆದದ್ದನ್ನು ಹೆಂಡತಿಗೆ ಹೇಳಿ ಹೇಳಿ ಹಲ್ಲು ಕಡಿದ. ಅಕ್ಕ ಒಂದೇ ಮಾತು ಕೇಳಿದಳು. “ಡಾಕ್ಟ್ರು ಎಷ್ಟು ಹೊತ್ತಿಗೆ ಬರ್ತಾರೆ?”

ಮಾರನೇ ದಿನ ಸಂಜೆ ಡಾಕ್ಟರು ಪ್ರಶ್ನೆಯಮ್ಮನ ಜೊತೆ ಬಂದಾಗ, ಅಂಗಡಿಯ ಮುಂದೆ ಬೀದಿಯ ನಾಲ್ಕಾರು ಜನ ಆಗಲೇ ಸೇರಿದ್ದರು. ಇವನೇ ಹೇಳಿ ಕರೆಸಿದ್ದ. ಹೆಂಡತಿ ಪರದೆಯ ಬಳಿ ನಿಂತಳು. ಅಕ್ಕ ತನ್ನ ಹಳೆಯ ಜಾಗದಲ್ಲಿ, ಗಲ್ಲಾದ ಪಕ್ಕ ಕೂತಿದ್ದಳು.

“ಕೂತ್ಕೊಳ್ಳಿ ಡಾಕ್ಟ್ರೇ. ಎಡಗಣ್ಣು ಮುಚ್ಚಿ” ಎಂದು ಅವನು ಹಾಳೆಯ ಪಕ್ಕ ಕೋಲು ಹಿಡಿದು ನಿಂತ. ಮುಖವೆಲ್ಲ ಬೀದಿಯ ಜನದ ಕಡೆಗೆ. “ಮೇಲಿಂದು ಬಿಡಿ, ಅದನ್ನ ಎಮ್ಮೆನೂ ಓದುತ್ತೆ. ಕೊನೇ ಸಾಲು ಓದಿ!”

ಡಾಕ್ಟರು ಓದಿದರು. “ಮ, ದ, ಸ, ಪ, ಹ.”

ಕೊನೇಸಾಲಿನ ಮುಖ ಅರಳಿತು. “ತಪ್ಪು! ಎಲ್ಲಾ ತಪ್ಪು! ನೋಡ್ರಪ್ಪಾ, ಕಣ್ಣಿನ ಡಾಕ್ಟ್ರಿಗೇ ಕಣ್ಣು ಕಾಣಲ್ಲ! ಇನ್ನೊಂದ್ಸಲ ಓದಿ, ನಿಧಾನಕ್ಕೆ.”

ಡಾಕ್ಟರು ಕಣ್ಣು ಒರೆಸಿಕೊಂಡು ಮತ್ತೆ ಓದಿದರು. ಮತ್ತೆ ಅದೇ ಅಕ್ಷರ.

“ಅಯ್ಯೋ ದೇವರೇ! ಠ, ರ, ಬ, ಳ, ಗ!” ಅವನು ಒಂದೊಂದು ಅಕ್ಷರಕ್ಕೂ ಹಾಳೆಗೆ ಒಂದೊಂದು ಏಟು ಹಾಕಿದ. “ಇಷ್ಟು ದಪ್ಪಗೆ ಬರೆದಿದೆಯಲ್ರೀ, ಇದೂ ಕಾಣಲ್ವಾ? ನಿಮಗೆ ನಾನೇ ಬಿಟ್ಟಿ ಕನ್ನಡಕ ಮಾಡಿಕೊಡ್ತೀನಿ ಬಿಡಿ!”

ಯಾರೂ ನಗಲಿಲ್ಲ. ಬಾಗಿಲಲ್ಲಿ ನಿಂತವರು ಒಮ್ಮೆ ಹಾಳೆಯನ್ನು, ಒಮ್ಮೆ ಅವನನ್ನು ನೋಡಿದರು. ಪ್ರಶ್ನೆಯಮ್ಮ ತಲೆ ತಗ್ಗಿಸಿದಳು. ಅವನು ಹೆಂಡತಿಯ ಕಡೆ ತಿರುಗಿ, “ಏನೇ, ಓದಿ ಹೇಳೇ ಇವರಿಗೆ!” ಎಂದ. ಹೆಂಡತಿ ಸೆರಗಿನ ತುದಿಯನ್ನು ಹಿಸುಕುತ್ತಾ ನಿಂತಳು.

“ಡಾಕ್ಟ್ರು ಸರಿಯಾಗೇ ಓದಿದ್ದಾರೆ” ಎಂದಳು ಅಕ್ಕ. “ಅದು ಹೊಸ ಹಾಳೆ. ಮಧ್ಯಾಹ್ನ ನೀನು ಮಲಗಿದ್ದಾಗ ನಾನೇ ಸ್ಟೂಲ್ ಹತ್ತಿ ಹಾಕಿದೆ. ಇವಳು ಸ್ಟೂಲ್ ಹಿಡ್ಕೊಂಡು ಅಕ್ಷರ ಓದಿ ಹೇಳಿದಳು.”

ಅವನು ಕೋಲು ಕೆಳಗಿಳಿಸಿ ಹಾಳೆಯ ಕಡೆ ತಿರುಗಿದ. ಎಷ್ಟೋ ವರ್ಷಗಳಲ್ಲಿ ಆ ಗೋಡೆಯ ಹಾಳೆಯೊಂದನ್ನು ಅವನು ನಿಜವಾಗಿ ನೋಡಿದ್ದು ಅದೇ ಮೊದಲು. ನಡುವೆ ಮಸಿ. ಇನ್ನೂ ಹತ್ತಿರ ಹೋದ, ಮೂಗು ಕಾಗದಕ್ಕೆ ತಾಗುವವರೆಗೂ ಹೋದ. ಮಸಿ ಅಲ್ಲೇ ಇತ್ತು. ಕುತ್ತಿಗೆ ಓರೆ ಮಾಡಿದಾಗ ಕಣ್ಣಿನ ಅಂಚಿಗೆ ಒಂದು ಅಕ್ಷರ ಸಿಕ್ಕಿತು. ಅದು ಮ.

“ಅಕ್ಕಾ, ಊರವರ ಮುಂದೆ ನನ್ನ ಮಾನ ತೆಗೆದ್ಯಲ್ಲೇ” ಎಂದ. ದನಿ ಒಡೆದಿತ್ತು. ನೋಡಿ, ಆಗಲೂ ಅವನಿಗೆ ಮಾನದ್ದೇ ಚಿಂತೆ.

“ಊರವರನ್ನ ಕರೆದಿದ್ದು ನೀನು” ಎಂದಳು ಅಕ್ಕ. “ಕಣ್ಣು ಬೆನ್ನಲ್ಲಿದೆಯಾ, ಮೈಮೇಲೆ ಪ್ರಜ್ಞೆ ಬೇಡ್ವಾ ಅಂತ ಆವತ್ತು ನನ್ನನ್ನ ಬೈತಿದ್ದೆಯಲ್ಲ, ಅದೇ ಮಾತಲ್ಲಿ ಈಗ ಸ್ಕ್ರೂಗೆ ಬೈತೀಯ, ಲೋಟಕ್ಕೆ ಬೈತೀಯ. ಅವಕ್ಕೆ ಬಾಯಿಲ್ಲ. ನಾನೂ ಬಾಯಿ ಮುಚ್ಕೊಂಡಿದ್ದೆ. ಮುಚ್ಕೊಂಡಿದ್ದಕ್ಕೆ ನನಗೇನಾಯ್ತು ಅಂತ ಗೊತ್ತಲ್ಲ. ನಾಳೆ ಆಸ್ಪತ್ರೆಗೆ ಹೋಗೋಣ. ನಾನೂ ಬರ್ತೀನಿ.”

ಪ್ರಶ್ನೆಯಮ್ಮನಿಗೆ ಬೇರೆಯದೇ ಸಂಕಟ. “ಇದನ್ನ ನಾನು ಅಧ್ಯಯನದಲ್ಲಿ ಸೇರಿಸಲ್ಲ. ಒಪ್ಪಿಗೆ ಕೇಳದೆ ಯಾರನ್ನೂ ಪರೀಕ್ಷೆ ಮಾಡೋ ಹಾಗಿಲ್ಲ” ಎಂದು ಮೆಲ್ಲಗೆ ಹೇಳಿದಳು.

“ನೀವು ಎಲ್ಲಿ ಮಾಡಿದ್ರಿ? ಪರೀಕ್ಷೆ ಮಾಡ್ತೀನಿ ಅಂತ ಕುಣಿದಿದ್ದು ಅವನೇ” ಎಂದಳು ಅಕ್ಕ.

ಮರುದಿನ ಅವನು ಆ ಬೆಂಚಿನ ಮೇಲೆ ಕೂತ. ಕೋಟು ಹಾಕಿಕೊಂಡು ಬಂದಿದ್ದ. ನರ್ಸ್ ಅವನನ್ನು ಆಸ್ಪತ್ರೆಯವನೇ ಎಂದುಕೊಂಡು “ಸ್ವಲ್ಪ ಏಳಿ, ಇದು ರೋಗಿಗಳು ಕೂರೋ ಜಾಗ” ಎಂದಳು. ಅವನು ಕೋಟು ಬಿಚ್ಚಿ ಮಡಚಿ ತೊಡೆಯ ಮೇಲಿಟ್ಟುಕೊಂಡ. ಕಣ್ಣಿಗೆ ಹನಿ ಹಾಕಿದರು, ಎಲ್ಲ ಮಂಜಾಯಿತು, ಮಧ್ಯಾಹ್ನದವರೆಗೂ ಕೂರಿಸಿದರು. ಅವನು ಇಷ್ಟು ಕಾಲ ಹೇಳಿಕೊಂಡು ನಕ್ಕಿದ್ದೆಲ್ಲ ಅಕ್ಷರಶಃ ನಡೆಯಿತು. ಅಕ್ಕಪಕ್ಕದವರು ಯಾರೂ ಅವನನ್ನು ಹಂಗಿಸಲಿಲ್ಲ. ಅವರಿಗೆ ಅವರವರ ಕಣ್ಣಿನ ಚಿಂತೆಯಿತ್ತು. ಈ ಬೆಂಚಿಗೆ ಹೆದರಿ ಅವನು ಒಂದು ಕಣ್ಣು ಕಳೆದುಕೊಂಡಿದ್ದ.

“ಬಲಗಣ್ಣಿನ ನಡುವಿನ ನೋಟ ಹೋಗಿದೆ, ಅದಕ್ಕೆ ಇನ್ನೇನೂ ಮಾಡೋಕಾಗಲ್ಲ” ಎಂದರು ಡಾಕ್ಟರು. “ಎಡಗಣ್ಣನ್ನ ಉಳಿಸಿಕೊಳ್ಳೋ ಪ್ರಯತ್ನ ಮಾಡಬಹುದು. ಹೇಳಿದಾಗೆಲ್ಲ ತಪ್ಪಿಸದೆ ಬಂದು ಸೂಜಿ ಹಾಕಿಸ್ಕೋಬೇಕು. ಇವತ್ತೇ ಶುರು ಮಾಡೋಣ.”

ಅವನು ಹೂಂ ಎಂದ. ಎದ್ದು ನಿಂತ. ಮುಂದಿನವರನ್ನು ಕೂಗಲಿಲ್ಲ. ಪಕ್ಕದ ಬಾಗಿಲು ತೆರೆದು ಅವನನ್ನು ಒಂದು ಚಿಕ್ಕ ಕೋಣೆಗೆ ಕರೆದೊಯ್ದರು. ಅಲ್ಲಿ ಒಂದು ಕುರ್ಚಿಯಿತ್ತು, ಕೈ ಊರಿಕೊಂಡು ಕೂರುವಂಥದ್ದು. ಅದರ ಪಕ್ಕದಲ್ಲಿ ಇನ್ನೊಂದಿತ್ತು. ಅಧ್ಯಯನದಿಂದ ಆಸ್ಪತ್ರೆಯೊಳಗೆ ಇಲ್ಲಿಯವರೆಗೆ ಬದಲಾದದ್ದು ಇದೊಂದೇ. ಅವನು ಕೈಯಾಡಿಸಿ ಕುರ್ಚಿಯನ್ನು ಹುಡುಕಿ ಕುಸಿದು ಕೂತ. ಪಕ್ಕದ ಕುರ್ಚಿಯಲ್ಲಿ ಅಕ್ಕ ಕೂತಳು. ಬಹಳ ಹೊತ್ತು ಅವನು ಕುರ್ಚಿಯ ಕೈಯನ್ನು ಬಿಡಲಿಲ್ಲ. ಬಡಗಿಯ ತಮಾಷೆ ಅವನಿಗೆ ನೆನಪಾಗಿರಬೇಕು, ಬಾಯಿಗೆ ಬರಲಿಲ್ಲ.

ಪ್ರಶ್ನೆಯಮ್ಮ ಬಂದು ಎದುರಿಗೆ ನಿಂತಳು. “ನಿಮಗೆ ಇಷ್ಟ ಇದ್ರೆ ಮಾತ್ರ. ಅಧ್ಯಯನಕ್ಕೆ ನಿಮ್ಮ ಮಾತೂ ಬೇಕಿತ್ತು. ಬೇಡ ಅಂದ್ರೂ ಚಿಕಿತ್ಸೆಗೆ ಏನೂ ತೊಂದರೆ ಇಲ್ಲ.”

“ಕೇಳಮ್ಮಾ” ಎಂದ ಅವನು.

“ತೊಂದರೆ ಅನ್ನಿಸಿದಾಗ ಮೊದಲು ಯಾರ ಹತ್ತಿರ ಹೋದ್ರಿ?”

ಅವನು ಮಡಚಿದ ಕೋಟನ್ನು ತೊಡೆಯ ಮೇಲೆ ಆಚೀಚೆ ಸರಿಸಿದ.

“ಒಬ್ಬ ಕನ್ನಡಕದ ಅಂಗಡಿಯವನ ಹತ್ರ.”

“ಅವರು ಏನಂದ್ರು?”

“ಕೊನೇ ಸಾಲು ಓದಿಸಿದ. ಚಿನ್ನದಂಥ ಕಣ್ಣು ಅಂದ.”

“ನನಗೂ ಹಾಗೇ ಅಂದಿದ್ದ” ಎಂದಳು ಅಕ್ಕ. “ಅದನ್ನೂ ಬರ್ಕೊಳ್ಳಿ.”